ಅಮಾನತ್ ಮುರಿದಲ್ಲಿ ನಾಡೂ ಮುರಿಯುತ್ತದೆ

'ಹವಾಲಾ' ಎಂಬ ಪದ ಕಿವಿಗೆ ಬಿದ್ದೊಡನೆ ನಮಗೆ ಕಪ್ಪುಹಣದ ನೆನಪಾಗುತ್ತದೆ. ಫಿಕ್‌ಹ್ ಗ್ರಂಥಗಳಲ್ಲಾದರೋ ಅದು ಒಬ್ಬರ ಋಣವನ್ನು ಮತ್ತೊಬ್ಬರ ಹೊಣೆಗೆ ವರ್ಗಾಯಿಸುವ ವ್ಯವಹಾರದ ಹೆಸರು. ಸೋಮಾಲಿಯಾದ ಲಕ್ಷಾಂತರ ಮನೆಗಳಿಗೆ ಅದೇ ಅನ್ನದ ದಾರಿ.

1991ರ ಜನವರಿಯಲ್ಲಿ ಅಲ್ಲಿ ಸಿಯಾದ್ ಬರ್ರೆಯ ಸರ್ಕಾರ ಕುಸಿಯಿತು. ಬ್ಯಾಂಕುಗಳೂ ಅದರೊಂದಿಗೇ ಅಳಿದವು. ಅದೇ ವರ್ಷ ಮೇ 18ರಂದು ಉತ್ತರದ ಸೋಮಾಲಿಲ್ಯಾಂಡ್ ತಾನು ಪ್ರತ್ಯೇಕ ರಾಷ್ಟ್ರವೆಂದು ಘೋಷಿಸಿಕೊಂಡಿತು. ಎರಡು ಕಡೆಯವರ ಭಾಷೆ ಒಂದೇ, ಧರ್ಮವೂ ಒಂದೇ. 1960ರ ಜುಲೈ 1ರಂದು ದಕ್ಷಿಣದೊಡನೆ ಉತ್ಸಾಹದಿಂದ ಕೂಡಿಕೊಂಡವರೇ ಬೇರ್ಪಡಲು ಹೊರಟದ್ದೇಕೆ? 1988ರಲ್ಲಿ ತಮ್ಮದೇ ಸರ್ಕಾರದ ವಿಮಾನಗಳು ಹರ್ಗೇಸಾ ನಗರದ ಮೇಲೆ ಬಾಂಬು ಸುರಿಸಿದ್ದನ್ನು ಅವರು ಮರೆಯಲಾರದವರಾಗಿದ್ದರು. ಅಧಿಕಾರವೆಂಬ ಅಮಾನತ್ತಿಗೆ ಆಳುವವರೇ ದ್ರೋಹ ಬಗೆದಿದ್ದರು.

ಆ ಅಮಾನತ್ತನ್ನು ಕಾಪಾಡಿದ್ದು ಪೇಟೆ. ಲಂಡನ್ನಿನಲ್ಲೋ ಗಲ್ಫಿನಲ್ಲೋ ದುಡಿಯುವ ಮಗ ಹಣ ಕಟ್ಟಿದರೆ, ಗಡಿ ಯಾರದೆಂದು ಕೇಳದೆ ಅದು ಊರಿನ ತಾಯಿಯ ಕೈ ಸೇರಿತು. ಹಜ್ಜ್ ಸಮೀಪಿಸಿದಂತೆ ಬರ್ಬೆರಾ ಬಂದರಿನಿಂದ ಕುರಿ-ಆಡುಗಳು ಹಡಗೇರಿ ಸೌದಿ ಅರೇಬಿಯಾಕ್ಕೆ ಸಾಗಿದವು. 2001ರ ನವೆಂಬರಿನಲ್ಲಿ ಅಮೆರಿಕವು ಭಯೋತ್ಪಾದನೆಯ ಆರೋಪ ಹೊರಿಸಿ, ಅತಿದೊಡ್ಡ ಹವಾಲಾ ಸಂಸ್ಥೆಯಾಗಿದ್ದ ಅಲ್-ಬರಕಾತ್‌ನ ಆಸ್ತಿಯನ್ನು ಸ್ತಂಭನಗೊಳಿಸಿತು. ಪೆಟ್ಟು ಬಿದ್ದದ್ದು ಆ ಹಣಕ್ಕಾಗಿ ಕಾದಿದ್ದ ಬಡ ಕುಟುಂಬಗಳಿಗೆ.

ಹಾಗೆಂದು ಬೇರ್ಪಡುವಿಕೆಯೇ ಪರಿಹಾರವೆಂದು ನಾವು ಹೇಳಲಾರೆವು. ಸೋಮಾಲಿಲ್ಯಾಂಡ್ ಹಿರಿಯರ ಸಮಾಲೋಚನೆಯಿಂದ ಶಾಂತಿಯನ್ನು ಕಟ್ಟಿತು, ಚುನಾವಣೆಗಳನ್ನು ನಡೆಸಿ ಅಧಿಕಾರವನ್ನು ಹಸ್ತಾಂತರಿಸಿತು. ಇವು ನಿಜವಾದ ಸಾಧನೆಗಳು. ಆದರೆ ಪೂರ್ವದ ಲಾಸ್ ಅನೋದ್ ಪಟ್ಟಣದ ಜನರು 2023ರಲ್ಲಿ, ತಾವು ಮೊಗದಿಶುವಿನ ಸರ್ಕಾರದಡಿಯಲ್ಲೇ ಇರುತ್ತೇವೆ ಎಂದಾಗ ಅದೇ ಆಡಳಿತದ ಸೇನೆ ಅವರ ವಿರುದ್ಧ ತಿಂಗಳುಗಟ್ಟಲೆ ಕಾದಿತು. ಪಟ್ಟಣದ ಮೇಲೆ ಶೆಲ್‌ಗಳು ಬಿದ್ದವು, ಜನ ಮನೆ ತೊರೆದರು. 1988ರಲ್ಲಿ ಬಾಂಬಿನ ನೋವುಂಡವರ ನಾಡಿನಿಂದಲೇ ಇದು ನಡೆಯಿತು.

ಒಂದಾಗಿರುವುದೂ ಬೇರೆಯಾಗುವುದೂ ನ್ಯಾಯವಿಲ್ಲದೆ ಬಾಳುವುದಿಲ್ಲ. ಯಾವ ಧ್ವಜ ಹಾರಬೇಕೆಂಬ ಚರ್ಚೆ ಮುಂದುವರಿಯಲಿ. ಅದಕ್ಕಿಂತ ಮೊದಲು, ಪರರ ಹಣವನ್ನು ಒಂದು ಮಾತಿನ ಭರವಸೆಯ ಮೇಲೆ ತಲುಪಿಸುವ ಆ ವರ್ತಕನ ಪ್ರಾಮಾಣಿಕತೆಯನ್ನು ಆಳುವವರು ಕಲಿಯಲಿ. ಒಂದೇ ಕಲಿಮಾ, ಒಂದೇ ನುಡಿ ಇದ್ದರೂ ಸಾಲದು, ಅಮಾನತ್ ಉಳಿದರೆ ಮಾತ್ರ ಬಾಂಧವ್ಯ ಉಳಿಯುತ್ತದೆ ಎಂಬುದನ್ನು ನಾವೂ ನಮ್ಮ ಮಕ್ಕಳಿಗೆ ತಿಳಿಹೇಳೋಣ.