ಬಡತನದ ಅಧ್ಯಯನ ಮತ್ತು ಅತಿಥಿ ವಿದ್ವಾಂಸರು: ಪುಣೆಯ ನಿದರ್ಶನ

ಭಾರತದ ಬಡತನವನ್ನು ಅಳೆಯುವ ವಿದ್ವತ್ತಿಗೆ ಪುಣೆ ನಗರದ ಕೊಡುಗೆ ದೊಡ್ಡದು. 1930ರಲ್ಲಿ ಸ್ಥಾಪನೆಗೊಂಡ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯು ಡಿ. ಆರ್. ಗಾಡ್ಗೀಳರ ನೇತೃತ್ವದಲ್ಲಿ ಕ್ಷೇತ್ರ ಸಮೀಕ್ಷೆಯನ್ನು ಸಂಶೋಧನೆಯ ಅಡಿಪಾಯವನ್ನಾಗಿಸಿತು. ಅದೇ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನವು ದಿನಕ್ಕೆ 2250 ಕ್ಯಾಲೊರಿ ಆಹಾರವನ್ನು ಆಧಾರವಾಗಿಟ್ಟುಕೊಂಡು, 1960-61ರ ಬೆಲೆಗಳಲ್ಲಿ ಗ್ರಾಮವಾಸಿಗೆ ತಿಂಗಳಿಗೆ 15 ರೂಪಾಯಿ, ನಗರವಾಸಿಗೆ 22.50 ರೂಪಾಯಿ ವೆಚ್ಚವನ್ನು ಬಡತನದ ಗಡಿಯೆಂದು ಗುರುತಿಸಿತು. ಹಳ್ಳಿಗಳಲ್ಲಿ ಶೇ. 40ರಷ್ಟು, ನಗರಗಳಲ್ಲಿ ಶೇ. 50ರಷ್ಟು ಜನ ಆ ಗಡಿಯ ಕೆಳಗಿದ್ದರೆಂಬ ಅದರ ನಿರ್ಣಯವು ಮುಂದಿನ ಚರ್ಚೆಗೆಲ್ಲ ತಳಹದಿಯಾಯಿತು.

ಪುಣೆಗೆ ಇನ್ನೊಂದು, ಇದಕ್ಕಿಂತ ಹಳೆಯ ಪರಂಪರೆಯೂ ಉಂಟು. ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ ಸಮುದಾಯದ ಬಾಲಕಿ ಮುಕ್ತಾಬಾಯಿ 1855ರಲ್ಲಿ ಮಹಾರ-ಮಾಂಗರ ದುಃಖವನ್ನು ಕುರಿತು ಮರಾಠಿಯಲ್ಲಿ ಪ್ರಬಂಧವನ್ನು ಬರೆದಳು. ಮೊದಲನೆಯದು ಹಸಿವನ್ನು ಹೊರಗಿನಿಂದ ಎಣಿಸುವ ವಿದ್ಯೆ. ಎರಡನೆಯದು ಅವಮಾನವನ್ನು ಒಳಗಿನಿಂದ ಬಲ್ಲ ವಿದ್ಯೆ. ಎಣಿಕೆಯಿಲ್ಲದೆ ಬಡತನದ ವ್ಯಾಪ್ತಿ ತಿಳಿಯದು, ಅನುಭವವಿಲ್ಲದೆ ಅಸಮಾನತೆಯ ಸ್ವರೂಪ ತಿಳಿಯದು. ಇವೆರಡೂ ಒಂದೇ ಮೇಜಿನ ಮುಂದೆ ಕೂಡಬೇಕಾದರೆ ಸಂಶೋಧನ ಕೇಂದ್ರಗಳಿಗೆ ಬರುವ ಅತಿಥಿ ವಿದ್ವಾಂಸರು ಒಂದೇ ಶಾಸ್ತ್ರದವರೂ ಒಂದೇ ಸ್ತರದವರೂ ಆಗಿರಬಾರದು.

ಕನ್ನಡ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಉತ್ತರ ಕರ್ನಾಟಕದ ಒಣಬೇಸಾಯದ ಜಿಲ್ಲೆಗಳಿಂದ ಪುಣೆಯ ಕಟ್ಟಡ ಕಾಮಗಾರಿಗಳಿಗೆ ದುಡಿಯಲು ಹೋಗುವ ಕುಟುಂಬಗಳು ಆ ಪ್ರಯಾಣವನ್ನು 'ಗುಳೆ' ಎನ್ನುತ್ತವೆ. ವರದಿಗಳ 'ವಲಸೆ' ಎಂಬ ಪದ ಅದಕ್ಕೆ ಸಮನಲ್ಲ. ಹಿಂದೆ ಉಳಿದ ಮುದುಕರು, ಶಾಲೆ ಬಿಟ್ಟ ಮಕ್ಕಳು, ಮುಂಗಡದ ಋಣ, ಮಳೆ ಬಂದರೆ ಮರಳುವ ಆಸೆ ಇವೆಲ್ಲವೂ ಆ ಒಂದು ಮಾತಿನಲ್ಲಿವೆ. ಅಂಥ ಮಾತನ್ನು ಕೇಳಿ ಅರಿಯಬಲ್ಲವರು ಸಮೀಕ್ಷೆಯ ಪ್ರಶ್ನಾವಳಿ ಸಿದ್ಧವಾಗುವಾಗಲೇ ಜತೆಗಿರಬೇಕು. ಅದು ಮುಗಿದ ಮೇಲೆ ಭಾಷಾಂತರಕ್ಕೆಂದು ಅವರನ್ನು ಕರೆದರೆ ಪ್ರಯೋಜನವಿಲ್ಲ.

ಆಯ್ಕೆಗೆ ಪ್ರತಿಭೆಯೊಂದೇ ಮಾನದಂಡವಾಗಬೇಕೆಂಬ ವಾದವುಂಟು. ಅದನ್ನು ತಳ್ಳಿಹಾಕಬೇಕಿಲ್ಲ, ಆದರೆ ಪ್ರತಿಭೆ ನೆರವಿಲ್ಲದೆ ದೂರ ನಡೆಯಲಾರದೆಂಬುದನ್ನು ಇತಿಹಾಸವೇ ತೋರಿಸಿದೆ. ಬರೋಡದ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರರು, ಆ ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಕೊಲ್ಲಾಪುರದ ಶಾಹು ಮಹಾರಾಜರ ನೆರವೂ ಸೇರಿ 1920ರಲ್ಲಿ ಅದು ಮುಂದುವರಿಯಿತು. ನಡುವಣ ವರ್ಷಗಳಲ್ಲಿ ಅವರ ಪ್ರತಿಭೆಯೇನೂ ಕುಂದಿರಲಿಲ್ಲ. ಇಲ್ಲವಾದದ್ದು ಹಣ ಮಾತ್ರ.

ಆದುದರಿಂದ ನೆರವಿನ ರೀತಿಯನ್ನೂ ವಿಚಾರಿಸಬೇಕಾಗುತ್ತದೆ. ಮೊದಲು ಖರ್ಚು ಮಾಡಿ, ರಸೀತಿ ಒಪ್ಪಿಸಿ, ತಿಂಗಳುಗಟ್ಟಲೆ ಕಾದು ಹಣ ಪಡೆಯುವ ವ್ಯವಸ್ಥೆಯು ಕೈಯಲ್ಲಿ ಹಣವುಳ್ಳವರನ್ನೇ ಆರಿಸುತ್ತದೆ. ಬಡತನದ ಅಧ್ಯಯನವೇ ಬಡವರ ಮಕ್ಕಳಿಗೆ ಬಾಗಿಲು ಮುಚ್ಚುವುದು ಇದರ ವಿಪರ್ಯಾಸ. ವೇತನವನ್ನು ಮುಂಗಡವಾಗಿ ಕೊಡುವುದು, ವಸತಿಯನ್ನು ಸಂಸ್ಥೆಯೇ ಒದಗಿಸುವುದು, ಮಗುವಿನೊಡನೆ ಬರುವ ವಿದುಷಿಗೆ ಅನುಕೂಲ ಕಲ್ಪಿಸುವುದು, ಇಂಗ್ಲಿಷಿನಷ್ಟೇ ಗೌರವದಿಂದ ಕನ್ನಡದ ಬರಹವನ್ನೂ ಸ್ವೀಕರಿಸುವುದು ಅಸಾಧ್ಯವಾದ ಕೆಲಸಗಳಲ್ಲ.

ಕನ್ನಡ ವಿಭಾಗಗಳ ಹೊಣೆಯೂ ಇಲ್ಲಿದೆ. ಗುಳೆ, ಜೀತ, ಕೈಗಡ, ಕೂಲಿ ಮೊದಲಾದ ಮಾತುಗಳ ಪ್ರಾದೇಶಿಕ ಅರ್ಥಗಳನ್ನು ಸಂಗ್ರಹಿಸಬಲ್ಲ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸಿ, ಪುಣೆಯಂಥ ಕೇಂದ್ರಗಳಿಗೆ ಕಳುಹಿಸುವ ಯೋಜನೆಯನ್ನು ಅವು ಕೈಗೊಳ್ಳಬೇಕು. ದೇಸಿಯ ಹಿರಿಮೆಯನ್ನು ಕೊಂಡಾಡುವ ಸಾಹಿತ್ಯಾಧ್ಯಯನವು ಆ ದೇಸಿಯನ್ನಾಡುವವರ ಹಸಿವನ್ನು ಅನ್ಯಶಾಸ್ತ್ರದ ವಿಷಯವೆಂದು ಬಿಟ್ಟುಕೊಡುವುದು ಉಚಿತವಲ್ಲ.