ಐದು ಕಾರವಾನ್, ಒಂದು ಗದ್ದೆ

ಕಾರವಾನ್ ಪ್ರವಾಸ ಎಂಬ ಮಾತು ಈಗೀಗ ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತಿದೆ. ಜತೆಗೆ ಬರುವ ಚಿತ್ರ ಮಾತ್ರ ಹೆಚ್ಚಾಗಿ ಒಂದೇ: ಏಸಿ ಹಾಕಿದ ದೊಡ್ಡ ಬಸ್ಸು, ಒಳಗೆ ಸೋಫಾ, ಟಿ.ವಿ., ಹೊರಗೆ ಯೂನಿಫಾರ್ಮ್ ತೊಟ್ಟ ಡ್ರೈವರ್. ನೋಡಿದ ಕೃಷಿಕ 'ಇದು ನಮಗಲ್ಲ' ಅಂತ ಪುಟ ಮಗುಚಿಬಿಡ್ತಾನೆ. ಮಗುಚಬಾರದು ಅಂತ ನನ್ನ ಅಭಿಪ್ರಾಯ. ಈ ಹವ್ಯಾಸ ಬೇರು ಬಿಟ್ಟು ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಅದು ರಿಸಾರ್ಟ್ ಮಾಲಿಕರ ವ್ಯವಹಾರ ಮಾತ್ರ ಅಲ್ಲ. ಸಣ್ಣ ರೈತನಿಗೂ ಅದರಲ್ಲೊಂದು ಪಾಲಿದೆ, ಆ ಪಾಲನ್ನು ಕಾನೂನೇ ಉಳಿಸಿಕೊಟ್ಟಿದೆ.

ಅಲ್ಲಿ ಕಾರವಾನ್ ಅಂದರೆ ಬಸ್ಸಲ್ಲ. ಸಾಮಾನ್ಯವಾಗಿ ಒಂದೇ ಅಚ್ಚಿನ ಮೇಲೆ ಕೂತ ಸಣ್ಣ ಕೋಣೆ. ಅದಕ್ಕೆ ಎಂಜಿನ್ ಇಲ್ಲ, ಮನೆಯ ಕಾರಿನ ಹಿಂದೆ ಸಿಕ್ಕಿಸಿ ಎಳೆಯುವುದು. ಒಳಗೆ ಎರಡು-ನಾಲ್ಕು ಜನಕ್ಕೆ ಮಲಗುವ ಜಾಗ, ಗ್ಯಾಸ್ ಒಲೆ, ಸಿಂಕು, ಮೂಲೆಯಲ್ಲೊಂದು ಪುಟ್ಟ ಕಕ್ಕಸು. ಎಳೆಯುವಾಗ ಅದರೊಳಗೆ ಜನ ಕೂರುವಂತಿಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಇದನ್ನು ಸಿಕ್ಕಿಸಿಕೊಂಡು ಹೊರಟರೆ ಒಂದೆರಡು ಗಂಟೆಯ ದಾರಿಯಲ್ಲಿ ಯಾವುದೋ ಹಳ್ಳಿ. ಭಾನುವಾರ ಸಂಜೆ ಮನೆಗೆ ವಾಪಸ್. ಶ್ರೀಮಂತರೇ ಆಗಬೇಕೆಂದಿಲ್ಲ, ಹದಿನೈದಿಪ್ಪತ್ತು ವರ್ಷ ಹಳೆಯ ಕಾರವಾನ್ ಕೊಂಡು ತಾವೇ ರಿಪೇರಿ ಮಾಡಿಕೊಂಡು ತಿರುಗುವವರು ಬೇಕಾದಷ್ಟು ಜನ.

ಇದರ ಮೂಲವೂ ಎತ್ತಿನಗಾಡಿ ಕಂಡ ನಮಗೆ ಅಪರಿಚಿತ ಅಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾದಳದ ವೈದ್ಯ 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯಲ್ಲಿ 'ವಾಂಡರರ್' ಎಂಬ ಗಾಡಿಮನೆ ಕಟ್ಟಿಸಿದ. ಎಳೆದದ್ದು ಎರಡು ಕುದುರೆ. ಬರೇ ಸುತ್ತಾಟದ ಖುಷಿಗಾಗಿ ಕಟ್ಟಿಸಿದ ಮೊದಲ ಕಾರವಾನ್ ಅದೇ ಅಂತಾರೆ. 1907ರಲ್ಲಿ ಇಂಥ ಹವ್ಯಾಸಿಗಳ ಕ್ಲಬ್ಬೇ ಹುಟ್ಟಿಕೊಂಡಿತು.

ರೈತ ಕೊಡುವುದು ಏನು?

ಜನ ಹೆಚ್ಚಾದಂತೆ ಕಂಡಕಂಡಲ್ಲಿ ಕಾರವಾನ್ ನಿಲ್ಲತೊಡಗಿ ಗಲಾಟೆ ಆಯಿತು. ಅದನ್ನು ಹಿಡಿತಕ್ಕೆ ತರಲು 1960ರಲ್ಲಿ ಕಾಯ್ದೆ ಬಂತು. ಕಾರವಾನ್ ನಿಲ್ಲಿಸುವ ಜಾಗಕ್ಕೆ ಸ್ಥಳೀಯ ಆಡಳಿತದ ಲೈಸೆನ್ಸ್ ಬೇಕು ಅಂತ ನಿಯಮ. ಆದರೆ ಕಾಯ್ದೆ ಮಾಡಿದವರು ಸಣ್ಣವರಿಗೆ ಬಾಗಿಲು ಮುಚ್ಚಲಿಲ್ಲ. ಐದು ಎಕರೆ ಅಥವಾ ಜಾಸ್ತಿ ಜಮೀನಿದ್ದವ ವರ್ಷದಲ್ಲಿ 28 ದಿನದ ಮಟ್ಟಿಗೆ ಒಮ್ಮೆಗೆ ಮೂರು ಕಾರವಾನ್ ವರೆಗೆ ಲೈಸೆನ್ಸ್ ಇಲ್ಲದೆ ನಿಲ್ಲಿಸಿಕೊಳ್ಳಬಹುದು. ಇನ್ನೊಂದು ದಾರಿ ಅದಕ್ಕಿಂತ ಮುಖ್ಯ. ಸರಕಾರದ ಮಾನ್ಯತೆ ಪಡೆದ ಕ್ಲಬ್ ಬಂದು ಜಾಗ ನೋಡಿ ಸರ್ಟಿಫಿಕೇಟ್ ಕೊಟ್ಟರೆ, ಆ ಕ್ಲಬ್ಬಿನ ಸದಸ್ಯರ ಐದು ಕಾರವಾನ್‌ಗಳಿಗೆ ಜಾಗ ಕೊಡಬಹುದು. ಲೈಸೆನ್ಸ್ ಬೇಡ. 1907ರ ಆ ಕ್ಲಬ್ ಒಂದರದ್ದೇ ಇಂಥ ಜಾಗಗಳು ಎರಡು ಸಾವಿರದಷ್ಟಿವೆ. ಹೆಚ್ಚಿನವು ರೈತರ ಹುಲ್ಲುಗಾವಲು ಅಥವಾ ಮನೆ ಹಿಂದಿನ ಖಾಲಿ ಜಾಗ.

ಅಲ್ಲಿ ಇರಲೇಬೇಕಾದದ್ದು ಮೂರೇ: ಕುಡಿಯುವ ನೀರಿನ ನಲ್ಲಿ, ಕಕ್ಕಸಿನ ಡಬ್ಬಿ ಖಾಲಿ ಮಾಡುವ ಗುಂಡಿ, ಕಸ ಹಾಕಲು ವ್ಯವಸ್ಥೆ. ಕರೆಂಟು ಕೊಟ್ಟರೆ ದರ ಸ್ವಲ್ಪ ಜಾಸ್ತಿ. ಬೆಂಕಿಯ ಭಯಕ್ಕೆ ಕಾರವಾನ್‌ಗಳ ನಡುವೆ ಆರು ಮೀಟರ್ ಅಂತರ. ರಾತ್ರಿಯೊಂದಕ್ಕೆ ಸುಮಾರಾಗಿ ಹತ್ತರಿಂದ ಇಪ್ಪತ್ತೈದು ಪೌಂಡ್. ಹಾಸಿಗೆ ಹಾಸುವ, ಊಟ ಬಡಿಸುವ, ಪಾತ್ರೆ ತೊಳೆಯುವ ಕೆಲಸ ರೈತನ ಮನೆಯವರಿಗಿಲ್ಲ. ಹೋಂಸ್ಟೇ ನಡೆಸಿ ಮನೆಯ ಹೆಂಗಸರು ಸುಸ್ತಾದ ಕಥೆ ನಮ್ಮ ಕಡೆ ಎಷ್ಟಿಲ್ಲ! ಆ ತಾಪತ್ರಯ ಇದರಲ್ಲಿ ಇಲ್ಲ.

ನೀರು ತರುವ ಉಪಾಯ ನೋಡಿ. ನಲವತ್ತು ಲೀಟರಿನ ಉರುಟು ಪೀಪಾಯಿ, ಅದಕ್ಕೆ ಸಿಕ್ಕಿಸುವ ಹಿಡಿ. ನಲ್ಲಿಯಲ್ಲಿ ತುಂಬಿಸಿ, ಅಡ್ಡ ಮಲಗಿಸಿ, ಗದ್ದೆಯಲ್ಲಿ ಉರುಳಿಸಿಕೊಂಡು ಹೋಗುವುದು. ಹೊರುವ ಕೆಲಸವೇ ಇಲ್ಲ. ದೂರದ ಸಸಿಗೆ ನೀರು ಹೊರುವವರು ಇಲ್ಲೇ ಯೋಚನೆ ಮಾಡಬಹುದಾದ ವಿಷಯ. (ನಮ್ಮ ಏರುತಗ್ಗಿನಲ್ಲಿ ಬ್ರೇಕ್ ಬೇಕಾದೀತು!)

ಕೈಕೆಲಸದ ಜನ

ಈ ಕಾರವಾನ್‌ನವರ ಇನ್ನೊಂದು ಹುಚ್ಚು ನನಗೆ ಬಹಳ ಇಷ್ಟ. ಚಳಿಗಾಲದಲ್ಲಿ ತಿರುಗಾಟ ಕಡಿಮೆ. ಆಗ ಗಾಡಿಯನ್ನು ಮನೆಯೆದುರು ನಿಲ್ಲಿಸಿ ಅದರ ಮೇಲೆ ಕೈಯಾಡಿಸ್ತಾರೆ. ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕುವುದು, ಮಾಡಿನ ಮೇಲೆ ನೂರು ವಾಟಿನ ಸೋಲಾರ್ ಫಲಕ ಕೂರಿಸಿ 12 ವೋಲ್ಟ್ ಬ್ಯಾಟರಿಗೆ ಜೋಡಿಸುವುದು, ತೆಳು ಪ್ಲೈವುಡ್ಡಿನಲ್ಲಿ ಕಪಾಟು, ಮಡಚುವ ಮಂಚ, ಹೀಗೆ. ಟಿಲ್ಲರಿನ ಟ್ರೈಲರಿಗೆ ವೆಲ್ಡಿಂಗ್ ಮಾಡಿಸಿ ಔಷಧಿ ಸಿಂಪಡಣೆಯ ಡ್ರಮ್ಮು, ಪಂಪು ಕೂರಿಸಿಕೊಂಡ ನಮ್ಮವರದ್ದೂ ಇದೇ ಜಾತಿಯ ಹುಚ್ಚೇ ತಾನೇ?

ಇಂಥ ಬದಲಾವಣೆಯಲ್ಲಿ ಮೊದಲ ಶತ್ರು ಭಾರ. ಬ್ಯಾಟರಿ ಒಂದೇ 20-25 ಕಿಲೊ. ಕಪಾಟಿಗೆ ದಪ್ಪ ಹಲಗೆ ಹಾಕಿದರೆ ಇನ್ನಷ್ಟು. ಗಾಡಿ ಹೊರಬಹುದಾದ ಒಟ್ಟು ತೂಕವನ್ನು ತಯಾರಕರು ಬರೆದಿಟ್ಟಿರುತ್ತಾರೆ, ಕೂಡಿಸಿದ್ದೆಲ್ಲ ಅದರಿಂದಲೇ ಕಳೆಯುತ್ತಾ ಬರಬೇಕು. ಹೊಸಬರಿಗೆ ಅವರು ಹೇಳುವ ಲೆಕ್ಕ, ತುಂಬಿದ ಕಾರವಾನಿನ ತೂಕ ಕಾರಿನ ತೂಕದ ಶೇ. 85ನ್ನು ದಾಟಬಾರದು. 1500 ಕಿಲೊದ ಕಾರಿಗೆ 1275 ಕಿಲೊ.

ಎರಡನೆಯದು ಭಾರ ಎಲ್ಲಿ ಕೂತಿದೆ ಎಂಬುದು. ಗಾಡಿ ಹೊಡೆದವನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಸಾಯುತ್ತದೆ. ಕಾರವಾನಿಗೂ ಅದೇ ನ್ಯಾಯ. ತುಂಬಿದ ಗಾಡಿಯ ತೂಕದ ಶೇ. 5ರಿಂದ 7ರಷ್ಟು ಕೊಕ್ಕೆಯ ಮೇಲೆ ಇರಬೇಕು, ಕಾರಿನ ಕೊಕ್ಕೆಯ ಮಿತಿಯನ್ನೂ ಮೀರಬಾರದು. 1200 ಕಿಲೊ ಗಾಡಿಯಾದರೆ 60ರಿಂದ 84 ಕಿಲೊ. ಹಿಂದೆ ಭಾರ ಹೇರಿ ವೇಗವಾಗಿ ಹೋದರೆ ಗಾಡಿ ಹಾವಿನ ಹಾಗೆ ಆಡತೊಡಗಿ ಕಾರನ್ನೂ ಮಗುಚಿ ಹಾಕೀತು. ಅದಕ್ಕೇ ಭಾರದ ಸಾಮಾನೆಲ್ಲ ಅಚ್ಚಿನ ಮೇಲೆ, ನೆಲದ ಮಟ್ಟದಲ್ಲಿ.

ಮೂರನೆಯದು ಗ್ಯಾಸ್. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ನಿಲ್ಲುತ್ತದೆ. ಆದ್ದರಿಂದ ಕಾರವಾನಿನ ನೆಲದಲ್ಲಿ ತೂತು ಇಟ್ಟಿರ್ತಾರೆ. ಚಳಿ ಬರುತ್ತದೆ, ಇರುವೆ ಬರುತ್ತದೆ ಅಂತ ಅದನ್ನು ಮುಚ್ಚಿದವರ ಜೀವಕ್ಕೇ ಅಪಾಯ. ಬಾಗಿಲು ಕಿಟಕಿ ಹಾಕಿಕೊಂಡು ಒಳಗೆ ಕೆಂಡ ಇಟ್ಟು ಮಲಗುವುದೂ ಅಷ್ಟೇ. ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ಪಿಕಪ್ಪಿನ ಹಿಂದೆ ಡೇರೆ ಕಟ್ಟಿ ಊರೂರು ತಿರುಗುವ ನಮ್ಮ ಹುಡುಗರಿಗೂ ಈ ಮಾತು ಅನ್ವಯ. ನೀರು ಸೋರಿ ಒಳಗಿನ ಮರ ಕುಂಬಾಗುವುದು ಅಲ್ಲಿನವರ ಇನ್ನೊಂದು ದೊಡ್ಡ ತಲೆನೋವು. ಮಳೆಗಾಲ ಕಂಡ ನಮಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲಿ ಉಲ್ಟಾ

ಕೇಂದ್ರ ಸರಕಾರ 2009ರಲ್ಲೇ ಕಾರವಾನ್ ನೀತಿ ಮಾಡಿತು. 2021ರಲ್ಲಿ ಕೇರಳ ತನ್ನದೇ ನೀತಿ ತಂದಿತು, ಮರುವರ್ಷ ವಾಗಮನ್‌ನಲ್ಲಿ ಪಾರ್ಕ್ ಒಂದು ಶುರುವಾಯಿತು. ನಮ್ಮ ರಾಜ್ಯದ 2020-26ರ ಪ್ರವಾಸೋದ್ಯಮ ನೀತಿಯಲ್ಲೂ ಕಾರವಾನ್ ಹೆಸರಿದೆ. ಕೇರಳದ ನಿಯಮ ನೋಡಿ: ಪಾರ್ಕಿಗೆ ಕನಿಷ್ಠ 50 ಸೆಂಟ್ಸ್ ಜಾಗ, ಕನಿಷ್ಠ ಐದು ಗಾಡಿ ನಿಲ್ಲುವ ವ್ಯವಸ್ಥೆ. ಬ್ರಿಟನ್ನಿನ ಸಣ್ಣ ರೈತನಿಗೆ ಐದು ಎಂಬುದು ಮೇಲಿನ ಮಿತಿ. ಇಲ್ಲಿ ಅದು ಕೆಳಗಿನ ಮಿತಿ! ಅಲ್ಲಿ ಐದರೊಳಗಿದ್ದವನಿಗೆ ಕಾಗದಪತ್ರದ ಕಿರಿಕಿರಿ ಕಡಿಮೆ, ಇಲ್ಲಿ ಐದು ಮುಟ್ಟದವ ಲೆಕ್ಕಕ್ಕೇ ಇಲ್ಲ. ಅಂಕಿ ಒಂದೇ ಆದರೂ ಯಾರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅಂತ ಅರ್ಥ ಆಗ್ತದೆ.

ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಆಗಬೇಕು. ಕೊಯ್ಲು ಮುಗಿದ ಗದ್ದೆಯಲ್ಲಿ ಎರಡು ರಾತ್ರಿ ಒಂದು ಗಾಡಿ ನಿಂತು ಹೋದರೆ ಅದು 'ಬೇರೆ ಕೆಲಸ'ವೇ? ಮಳೆ ಬಂದ ಮೇಲೆ ಅದೇ ಗದ್ದೆಯಲ್ಲಿ ನೇಜಿ ನೆಡುತ್ತೇವಲ್ಲ! ಒಮ್ಮೆ ಪರಿವರ್ತನೆ ಮಾಡಿಸಿದ ಗದ್ದೆ ಮತ್ತೆ ಗದ್ದೆಯಾಗಿ ಉಳಿಯುವುದು ಅಪರೂಪ. ಸ್ಪಷ್ಟ ನಿಯಮ ಇಲ್ಲದಿದ್ದರೆ ಧೈರ್ಯ ಇದ್ದವ ಕದ್ದು ಮಾಡ್ತಾನೆ, ಉಳಿದವ ಸುಮ್ಮನಿರ್ತಾನೆ.

ಕೈಕೆಲಸದವರ ಪಾಡೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗುವಂತೆ ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಕೂಡ ಬಂತು. ಸುರಕ್ಷತೆಯ ದೃಷ್ಟಿಯಿಂದ ಇದನ್ನು ಪೂರ್ತಿ ತಪ್ಪೆನ್ನಲಾರೆ. ಮೂಕಿ ಭಾರದ ಲೆಕ್ಕ ಗೊತ್ತಿಲ್ಲದವ ಕಟ್ಟಿದ ಗಾಡಿ ರಸ್ತೆಯಲ್ಲಿ ಎದುರಿಗೆ ಬರುವುದು ಯಾರಿಗೂ ಬೇಡ. ಆದರೆ ತೂಕ ನೋಡಿ, ಪರೀಕ್ಷೆ ಮಾಡಿ, ಸಣ್ಣ ಶುಲ್ಕದಲ್ಲಿ ಒಪ್ಪಿಗೆ ಕೊಡುವ ಸುಲಭದ ದಾರಿ ಹಳ್ಳಿಯ ವೆಲ್ಡರಿಗೂ ಸಿಗಬೇಕು. ಅಲ್ಲಿಯ ತನಕ ಬಾಡಿಗೆ, ಚಾಸಿ ಮುಟ್ಟದೆ, ಬೇಕಾದಾಗ ಇಳಿಸಿಡಬಹುದಾದ ಮಂಚ, ಅಡುಗೆ ಪೆಟ್ಟಿಗೆಗಳಲ್ಲೇ ಸುಧಾರಿಸುವುದು ಕ್ಷೇಮ.

ನಾವು ಲೆಕ್ಕ ಹಾಕಬೇಕಾದ್ದು

ಇದೊಂದು ಚಿನ್ನದ ಗಣಿ ಅಂತ ನಾನು ಹೇಳ್ತಾ ಇಲ್ಲ. ಕರಾವಳಿ, ಮಲೆನಾಡಿನಲ್ಲಿ ಇದು ಯಕ್ಷಗಾನ ಮೇಳದ ತಿರುಗಾಟದ ಹಾಗೆ, ದೀಪಾವಳಿಯಿಂದ ಪತ್ತನಾಜೆಯವರೆಗೆ. ಮಳೆಗಾಲದಲ್ಲಿ ಗದ್ದೆಗೆ ಇಳಿದ ಗಾಡಿಯನ್ನು ಮೇಲೆತ್ತಲು ಕ್ರೇನೇ ಬೇಕು. ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಅಂಗಳ, ಆ ದಿನಗಳಲ್ಲೇ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಹಾಗಾಗಿ ಜಾಗ ಅಂದರೆ ಕೊಯ್ಲಾದ ಬೈಲುಗದ್ದೆಯೇ. ಅಲ್ಲಿಗೆ ಗಾಡಿ ಇಳಿಯುವ ಮಾರ್ಗ ಇದೆಯೇ, ತಿರುಗಿಸಲು ಜಾಗ ಇದೆಯೇ ಅಂತ ನೋಡಬೇಕು. ನಮ್ಮ ಎಷ್ಟೋ ಮನೆಗಳ ಮಾರ್ಗದಲ್ಲಿ ಪಿಕಪ್ ಇಳಿಯುವುದೇ ಕಷ್ಟ.

ಕಕ್ಕಸಿನ ವಿಷಯ ಇನ್ನೂ ಮುಖ್ಯ. ಕಾರವಾನಿನ ಡಬ್ಬಿಗೆ ವಾಸನೆ ತಡೆಯಲು ರಾಸಾಯನಿಕ ಹಾಕ್ತಾರೆ. ಅದನ್ನು ಗೊಬ್ಬರದ ಗುಂಡಿಗಾಗಲಿ ಗೋಬರ್ ಗ್ಯಾಸಿಗಾಗಲಿ ಸುರಿಯಲು ಬಿಡಬಾರದು, ಸೂಕ್ಷ್ಮಜೀವಿಗಳು ಸಾಯುತ್ತವೆ. ಬಾವಿ, ಕೆರೆ, ತೋಡುಗಳಿಂದ ದೂರ ಬೇರೆಯೇ ಗುಂಡಿ ಬೇಕು.

ಇದೊಂದನ್ನೇ ನಂಬಿ ಹಟ್ಟಿ ಖಾಲಿ ಮಾಡುವುದೂ ಬೇಡ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಬಂದು ಅರುವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರು. ರೋಗ ಹರಡದಂತೆ ಹಳ್ಳಿಗಾಡಿನ ಕಾಲುದಾರಿಗಳನ್ನೂ ಮುಚ್ಚಿದರು. ಕುರಿದನ ಹೋದ ರೈತನಿಗೆ ಪ್ರವಾಸಿಗರೂ ಇಲ್ಲ. ಹಳ್ಳಿಯ ಪ್ರವಾಸೋದ್ಯಮಕ್ಕೆ ಆ ವರ್ಷ ಬಿದ್ದ ಪೆಟ್ಟು ದೊಡ್ಡದು. ಎರಡು ಆದಾಯವೂ ಒಂದೇ ನೆಲದ್ದಾದರೆ ನೆಲಕ್ಕೆ ಕುತ್ತು ಬಂದಾಗ ಎರಡೂ ಒಟ್ಟಿಗೇ ಹೋಗ್ತವೆ.

ಹಾಗಾದರೆ ನಾವು ಕೇಳಬೇಕಾದ್ದು ಏನು? ಸಬ್ಸಿಡಿ ಬೇಡ. ಪಕ್ಕಾ ಕಟ್ಟಡ ಕಟ್ಟದೆ, ಕಾಂಕ್ರೀಟ್ ಹಾಕದೆ, ಒಮ್ಮೆಗೆ ಮೂರು ಗಾಡಿ, ಜಾಸ್ತಿ ಅಂದರೆ ಐದು, ವರ್ಷದಲ್ಲಿ ಇಷ್ಟೇ ದಿನ ಎಂಬ ಷರತ್ತಿನ ಮೇಲೆ ಗ್ರಾಮ ಪಂಚಾಯತಿನ ಮಟ್ಟದಲ್ಲೇ ಅನುಮತಿ ಸಿಗಲಿ, ಭೂಪರಿವರ್ತನೆ ಬೇಡವೆಂದು ಸ್ಪಷ್ಟವಾಗಿ ಬರೆದಿರಲಿ. ಬಂದವರ ಹೆಸರು, ಗಾಡಿ ನಂಬರು ಬರೆದಿಡುವ ಪುಸ್ತಕ, ನೀರು, ಕಕ್ಕಸಿನ ಗುಂಡಿ, ಕಸದ ವ್ಯವಸ್ಥೆ, ಇವು ರೈತನ ಜವಾಬ್ದಾರಿ. ವರ್ಷಕ್ಕೊಮ್ಮೆ ಜಾಗ ನೋಡಿ ಸರ್ಟಿಫಿಕೇಟ್ ಕೊಡುವ ಕೆಲಸವನ್ನು ಇಲಾಖೆಗೆ ಬಿಡುವ ಬದಲು ರೈತರದ್ದೇ ಸಹಕಾರಿ ಸಂಘಕ್ಕೆ ಕೊಡಬಹುದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೊಂದು ವಿಷಯವಾಗಿ ಬರೆಸಲು ಅರ್ಜಿ ಕೊಡುವುದಕ್ಕೆ ಒಂದು ಹಾಳೆ ಕಾಗದ ಸಾಕು.