ಪ್ರೀತಿ ಮಾಡ್ರಿ, ಲೆಕ್ಕಾನೂ ಕೇಳ್ರಿ

1/6
“ಇಂಥಾ ಕಾದಂಬರಿ ಓದಿ ಹುಡುಗ್ಯಾರ ತಲಿ ಕೆಡ್ತಾವ.”

ಹೋದ ವಾರ ‘ವೆರಿಟಿ’ ಪುಸ್ತಕದ ಫೋಟೋ ಹಾಕಿದ್ದಕ್ಕೆ ಬಂದ ಮೆಸೇಜ್‌ಗಳ ಸಾರಾಂಶ ಇದು. ಒಬ್ಬರು ‘ಟೈಂಪಾಸ್’ ಅಂದರು. ಇನ್ನೊಬ್ಬರು ‘ಬರೀ ಲವ್ ಸ್ಟೋರಿ’ ಅಂದರು. ಒಬ್ಬ ಸೀನಿಯರ್ ಅಂತೂ ‘ಇವು ಗಂಡನ ಮ್ಯಾಲೆ ಅನುಮಾನ ಪಡೂದು ಕಲಿಸ್ತಾವ’ ಅಂದ. ಎಲ್ಲರಿಗೂ ಬೇರೆ ಬೇರೆ ಟೈಪ್ ಮಾಡಾಕ ಆಗೂದಿಲ್ಲ, ಅದಕ್ಕ ಈ ಆರು ಪೋಸ್ಟ್. ಕೊನೀತನ ಓದಿ ಆಮೇಲೆ ಜಗಳಕ್ಕ ಬರ್ರಿ.

ನನ್ನ ವಾದ ಇಷ್ಟ: ಪ್ರೀತಿ, ಸಸ್ಪೆನ್ಸ್ ಎರಡೂ ಇರೋ ಕಾದಂಬರಿ ನಮಗೆ ಹಿಡಿಸೋದು ಬರೀ ಥ್ರಿಲ್‌ಗಾಗಿ ಅಲ್ಲ. ‘ಈ ಮನುಷ್ಯನ್ನ ನಂಬಬಹುದಾ?’ ಅಂತ ಒಬ್ಬ ಹುಡುಗಿ ಮುನ್ನೂರು ಪುಟ ಪುರುಸೊತ್ತಾಗಿ ಕೇಳೋ ಜಾಗ ಅದು. ಹೊರಗೆ ಅಷ್ಟು ಪುರುಸೊತ್ತು ಯಾರೂ ಕೊಡೂದಿಲ್ಲ.

2/6
ಬ್ಯಾಡಗಿ ಮಾರ್ಕೆಟ್ ನೋಡೀರಲ್ಲ? ಮೆಣಸಿನಕಾಯಿ ಚೀಲ ಬಿಚ್ಚಿ, ಬಣ್ಣ ನೋಡಿ, ಕೈಯಾಗ ಹಿಡಿದು ತೇವ ನೋಡಿ, ಆಮೇಲೆ ಟೆಂಡರ್ ಹಾಕ್ತಾರ.

ನಮ್ಮ ಕುಪ್ಪೇಲೂರು ಕಡೆ ವರನ ವಿಚಾರ ಹೆಂಗ ಮಾಡ್ತಾರ? ಹೊಲ ಎಷ್ಟು ಎಕರೆ, ಬೋರ್‌ನ್ಯಾಗ ನೀರು ಐತೋ ಇಲ್ಲೋ, ನೌಕರಿ ಪರ್ಮನೆಂಟ್ ಹೌದೋ ಅಲ್ಲೋ. ಉಪ್ಪಿಟ್ಟು, ಚಹಾ ಮುಗಿಯೋದರೊಳಗ ವಿಚಾರಣೆನೂ ಮುಗೀತು. ಸಿಟ್ಟು ಬಂದಾಗ ಅವ ಏನ್ ಮಾಡ್ತಾನ? ಹೆಂಡತಿ ದುಡಿದ ರೊಕ್ಕ ಯಾರ ಕೈಯಾಗ ಇರಬೇಕು ಅಂತಾನ? ಇದನ್ನ ಕೇಳಿದ ಹುಡುಗಿಗೆ ‘ಬಾಳ ಮಾತಾಡ್ತಾಳ’ ಅಂತ ಹೆಸರು.

ಈಗ ಒಂದು ಅಂಕಿ ನೋಡ್ರಿ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ 29ರಷ್ಟು. ಸೀನಿಯರ್ ಅಣ್ಣಾ, ಅನುಮಾನ ಕಲಿಸಿದ್ದು ಕಾದಂಬರಿ ಅಂತೀಯಾ?

3/6
ಬಿಕಾಂ ದೋಸ್ತರೇ, ಇದು ನಿಮಗೆ. ಆಡಿಟಿಂಗ್ ಪಾಠ ನೆನಪೈತಾ? 2013ರ ಕಂಪನಿ ಕಾಯ್ದೆ, ಸೆಕ್ಷನ್ 141. ಒಂದು ಕಂಪನಿಯ ಷೇರು ಇಟ್ಟುಕೊಂಡವನು ಅದೇ ಕಂಪನಿಗೆ ಆಡಿಟರ್ ಆಗುವಂತಿಲ್ಲ. ಯಾಕಂದ್ರ ಲಾಭದ ಆಸೆ ಇದ್ದವನ ಕಣ್ಣಿಗೆ ತಪ್ಪು ಕಾಣೋದು ಕಷ್ಟ.

ಈ ಕಾದಂಬರಿಗಳ ನಾಯಕಿ ಯಾರು? ಷೇರು ಇಟ್ಟುಕೊಂಡೇ ಆಡಿಟ್ ಮಾಡಬೇಕಾದವಳು! ಮನಸ್ಸು ಆಗಲೇ ಕೊಟ್ಟಾಳ, ಆದರೂ ವೌಚರ್ ಕೇಳಬೇಕು. ಕಾಯ್ದೆ ಕಂಪನಿಗೆ ಹೊರಗಿನ ಆಡಿಟರ್ ಕೊಡತೈತಿ. ಮದುವಿಗೆ ಯಾರು ಕೊಡ್ತಾರ? ಪ್ರೀತಿಸಿದಾಕೆನೇ ಪರೀಕ್ಷೆನೂ ಮಾಡಬೇಕು. ಆ ಇಕ್ಕಟ್ಟು ನಮ್ಮದು. ಅದಕ್ಕ ರಾತ್ರಿ ಎರಡು ಗಂಟೆಯಾದರೂ ಪುಸ್ತಕ ಕೆಳಗ ಇಡಾಕ ಆಗೂದಿಲ್ಲ.

4/6
(ಸ್ವಲ್ಪ ಸ್ಪಾಯ್ಲರ್ ಐತಿ, ವೆರಿಟಿ ಓದದೇ ಇದ್ದವರು 5ಕ್ಕೆ ಜಿಗೀರಿ.)

ಕಾಲೀನ್ ಹೂವರ್ ‘ವೆರಿಟಿ’ ಬರೆದದ್ದು 2018ರಲ್ಲಿ. ಅಪಘಾತದಿಂದ ಹಾಸಿಗೆ ಹಿಡಿದ ಲೇಖಕಿ ವೆರಿಟಿ. ಆಕೆಯ ಪುಸ್ತಕ ಸರಣಿ ಮುಗಿಸಿಕೊಡೋಕೆ ಆ ಮನೆಗೆ ಬಂದ ಲೋವೆನ್‌ಗೆ ವೆರಿಟಿಯ ಭಯಂಕರ ಆತ್ಮಕಥೆ ಸಿಗುತ್ತದೆ. ಅಷ್ಟರೊಳಗ ಲೋವೆನ್‌ಗೆ ವೆರಿಟಿಯ ಗಂಡನ ಮೇಲೆ ಪ್ರೀತಿ. ಹಸ್ತಪ್ರತಿ ನಿಜ ಆದರೆ ಆಕೆಗೇ ಲಾಭ! ಕೊನೆಗೆ ಅದಕ್ಕೆ ವಿರುದ್ಧವಾದ ಪತ್ರ ಸಿಗುತ್ತದೆ. ಯಾವುದು ನಿಜ ಅಂತ ಓದುಗರು ಇವತ್ತಿಗೂ ಬಡಿದಾಡ್ತಾರ. ನಾನು ಕೇಳೋದು ಬೇರೆ: ಲೋವೆನ್ ಅಷ್ಟು ಬೇಗ ನಂಬಿದ್ದು ಯಾಕ? ಷೇರು ಇತ್ತಲ್ಲ, ಅದಕ್ಕ.

‘ಇದು ಅಮೆರಿಕಾದ ಕಥಿ’ ಅನ್ನಬ್ಯಾಡ್ರಿ. 1963ರಲ್ಲಿ ತೀರಿಕೊಂಡ ನಮ್ಮ ತ್ರಿವೇಣಿ ಬರೆದ ‘ಶರಪಂಜರ’ವನ್ನ 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನ ಎಲ್ಲರೂ ಅನುಮಾನದಿಂದಲೇ ನೋಡ್ತಾರ. ಗಂಡನ ಇನ್ನೊಂದು ಸಂಬಂಧದ ಲೆಕ್ಕ ಮಾತ್ರ ಯಾರೂ ಕೇಳೂದಿಲ್ಲ. ಆಡಿಟ್ ಎಲ್ಲಾ ಹೆಂಡತಿಗೆ, ವಿನಾಯಿತಿ ಎಲ್ಲಾ ಗಂಡಗ.

5/6
ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ‘ಜನರಿಗೆ ಓದುವ ರುಚಿ ಹಚ್ಚಿದರು’ ಅಂತ ಹೊಗಳ್ತೀವಿ, ಹೊಗಳಲೇಬೇಕು. ಹೆಣ್ಣುಮಕ್ಕಳು ಬರೆದು ಹೆಣ್ಣುಮಕ್ಕಳೇ ಮುಗಿಬಿದ್ದು ಓದಿದ ಕಾದಂಬರಿಗೆ ಮಾತ್ರ ‘ಅಡುಗೆಮನೆ ಸಾಹಿತ್ಯ’ ಅನ್ನೋ ಪಟ್ಟ. ಬ್ಯಾಂಕ್ ದರೋಡೆ ಮಾಡಿದವ ಯಾರು ಅಂತ ಹುಡುಕಿದರ ಬುದ್ಧಿವಂತಿಕೆ, ಕಟ್ಟಿಕೊಂಡ ಗಂಡ ಎಂಥವ ಅಂತ ಹುಡುಕಿದರ ತಲಿ ಕೆಟ್ಟಂಗ! ಬ್ಯಾಂಕ್ ದರೋಡೆ ನಮ್ಮಲ್ಲಿ ಎಷ್ಟು ಮಂದಿ ಕಣ್ಣಾರೆ ನೋಡೀವಿ? ಮದುವಿ ಅಂತೂ ಮನಿಮನಿಗೂ ಐತಿ.

ನಮ್ಮ ಹಾವೇರಿ ಜಿಲ್ಲೆಯ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಓದುಗರನ್ನ ಕಥೆಯ ರುಚಿಯಿಂದಲೇ ಸಂಪಾದಿಸಿದ ಜಿಲ್ಲೆ ಇದು. ಇಲ್ಲೇ ಕೂತು ರುಚಿಗೆ ಮೂಗು ಮುರಿಯೋದಾ?

6/6
ಹಂಗಂತ ಈ ಜಾತಿಯ ಎಲ್ಲಾ ಪುಸ್ತಕಕ್ಕೂ ನಾನು ವಕೀಲಿ ಅಲ್ಲ. ಆ್ಯಪ್‌ಗಳಲ್ಲಿ ಬರೋ ಧಾರಾವಾಹಿ ಎಷ್ಟೋ ನೋಡೀನಿ. ಹೀರೋ ಆಕೆಯ ಹಿಂದ ಬೀಳ್ತಾನ, ಫೋನ್ ಚೆಕ್ ಮಾಡ್ತಾನ, ರೂಮಿನ್ಯಾಗ ಕೂಡಿಹಾಕ್ತಾನ. ನಲವತ್ತನೇ ಕಂತಿನ್ಯಾಗ ‘ಪಾಪ, ಅವನ ಪ್ರೀತಿ ಅಂಥಾದ್ದು’ ಅಂತ ಕ್ಲೀನ್ ಸರ್ಟಿಫಿಕೇಟ್. ಬುಕ್ಸ್ ತೆಗೆದೇ ನೋಡದೆ ಸಹಿ ಹಾಕಿದ ಆಡಿಟ್ ಅದು. ಅದನ್ನ ‘ಪೊಸೆಸಿವ್’ ಅಂತ ಸ್ಟೇಟಸ್ ಹಾಕಿಕೊಳ್ಳೋ ಗೆಳತಿಯರ ಮೇಲೂ ನನಗ ಸಿಟ್ಟೈತಿ.

ಹಂಗಾದರ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು? ನನ್ನ ಅಳತಿ ಒಂದೇ. ನಾಯಕಿಗೆ ಅನುಮಾನ ಬಂದಾಗ ಕಾದಂಬರಿ ಸಾಕ್ಷಿ ಕೊಡತೈತೋ, ಇಲ್ಲಾ ಅಪ್ಪುಗೆ ಕೊಟ್ಟು ಬಾಯಿ ಮುಚ್ಚಿಸತೈತೋ? ಸಾಕ್ಷಿ ಕೊಡೋದನ್ನ ಓದ್ರಿ, ಗೆಳತಿಗೆ ಕೊಡ್ರಿ, ಅವ್ವಗೂ ಕಥಿ ಹೇಳ್ರಿ. ಅಪ್ಪುಗೆ ಕೊಡೋದನ್ನ ಓದಿದರೂ ಕಮೆಂಟಿನ್ಯಾಗ ‘ಲೆಕ್ಕ ಎಲ್ಲಿ?’ ಅಂತ ಕೇಳ್ರಿ.

ಹುಡುಗರೇ, ನೀವೂ ಓದ್ರಿ. ನಿಮ್ಮ ಲೆಕ್ಕ ಸರಿ ಇದ್ದರ ಹೆದರಿಕೆ ಯಾಕ?

ನೀವು ಓದಿದ ಯಾವ ಕಾದಂಬರಿಯೊಳಗ ನಾಯಕಿ ಕೇಳಬೇಕಾದ ಪ್ರಶ್ನೆ ಕೇಳಲೇ ಇಲ್ಲ? ಪುಸ್ತಕದ ಹೆಸರು, ಆ ಪ್ರಶ್ನೆ, ಎರಡೂ ಕೆಳಗ ಬರೀರಿ.

#ಲೆಕ್ಕಕೇಳ್ರಿ #ಕನ್ನಡಓದು #ಬಿಕಾಂಹುಡುಗಿಯರು #ರಾಣೇಬೆನ್ನೂರು